ಗುಬ್ಬಿಯಿಂದ ಗ್ರ್ಯಾಂಡ್ ಕೇಮನ್‌ಗೆ: ಚಂಡಮಾರುತದ ದ್ವೀಪಕ್ಕೆ ಹೋಗುವವರು ಏನೇನು ಇನ್ಶೂರೆನ್ಸ್ ಮಾಡಿಸಬೇಕು?

ಗುಬ್ಬಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಊರು ಗುಬ್ಬಿ, ಈಗಿರುವುದು ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ, ಬಾಡಿಗೆ ಮನೆ. ಕೆಲಸ ಆಡಿಟ್. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಒಂದು ಕೆಲಸ ಸಿಕ್ಕಿದೆ, ಆಗಸ್ಟ್ ಎರಡನೇ ವಾರ ಸೇರಬೇಕು. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ದಸರಾ ಮುಗಿಸಿಕೊಂಡು ಬರುತ್ತಾರೆ. ಅಪ್ಪ ಅಮ್ಮ ಗುಬ್ಬಿಯಲ್ಲೇ ಇರುತ್ತಾರೆ.

ಕೆಲಸ ಸಿಕ್ಕ ಖುಷಿ ಒಂದು ವಾರ ಇತ್ತು. ಆಮೇಲೆ ಅಮ್ಮ ಅಟ್ಲಾಸ್ ತೆಗೆಸಿ ನೋಡಿದರು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಜಮೈಕಾಗೆ ಬಡಿದಿದ್ದನ್ನು ಅವರು ಟಿವಿಯಲ್ಲಿ ನೋಡಿದ್ದರು. ಸೂರು ಹಾರಿಹೋದ ಮನೆಗಳು, ಆಸ್ಪತ್ರೆ, ಎಲ್ಲ. ಈಗ ನಕ್ಷೆಯಲ್ಲಿ ಜಮೈಕಾದ ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ದೊಡ್ಡದಾಗಿ ನಾನು ಹೋಗುವ ದ್ವೀಪ. "ಇದು ಅದರ ಪಕ್ಕದ್ದೇ ಅಲ್ವೇನೋ" ಅಂದರು. ಹೌದು, ಮುನ್ನೂರು ಕಿಲೋಮೀಟರ್ ಆಸುಪಾಸು. ಅಂದಿನಿಂದ ಮನೆಯಲ್ಲಿ ದಿನಾ ಇದೇ ಪುರಾಣ.

ಸರಿ, ಹೆದರಿ ಕೂರುವ ಬದಲು ಇನ್ಶೂರೆನ್ಸ್ ಸರಿಯಾಗಿ ಮಾಡಿಸಿಕೊಂಡು ಹೋಗೋಣ ಅಂತ ಕೂತರೆ ತಲೆ ಕೆಟ್ಟು ಮೊಸರಾಗಿದೆ. ಕಂಪನಿಯ ಆಫರ್ ಲೆಟರ್‌ನಲ್ಲಿ "ಮೆಡಿಕಲ್ ಇದೆ" ಎಂದು ಒಂದೇ ಸಾಲು. ಹೆಂಡತಿ ಮಗಳಿಗೂ ಇದೆಯಾ, ಗೊತ್ತಿಲ್ಲ. ಅಲ್ಲಿಯ ಬಾಡಿಗೆ ಮನೆಯ ಏಜೆಂಟು "ಕಟ್ಟಡಕ್ಕೆ ಇನ್ಶೂರೆನ್ಸ್ ಇದೆ, ನೀವು ಚಿಂತೆ ಮಾಡಬೇಡಿ" ಎನ್ನುತ್ತಾನೆ. ಅಲ್ಲಿಯ ಒಬ್ಬ ಬ್ರೋಕರ್ ಮನೆ ಸಾಮಾನಿಗೆ 30,000 ಕೇಮನ್ ಡಾಲರ್‌ನ ಪಾಲಿಸಿ ಕೋಟ್ ಕಳಿಸಿದ್ದಾನೆ, ಅದರಲ್ಲಿ ಚಂಡಮಾರುತಕ್ಕೆ ಶೇ. 2 ಡಿಡಕ್ಟಿಬಲ್ (ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು) ಎಂದಿದೆ. ಲೆಕ್ಕದವನೇ ಆದರೂ ಆ ಶೇ. 2 ಯಾವುದರ ಮೇಲೆ ಅಂತ ಅರ್ಥವಾಗಲಿಲ್ಲ, ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಇಲ್ಲಿಯ ಕಥೆ ಬೇರೆ. ನಾಲ್ಕೂ ಜನ ದೊಡ್ಡವರು, ಜೊತೆಗೆ ಮಗು, ಎಲ್ಲರೂ ಒಂದೇ ಫ್ಯಾಮಿಲಿ ಫ್ಲೋಟರ್‌ನಲ್ಲಿ, ಅಂದರೆ ಇಡೀ ಮನೆಗೆ ಸೇರಿಸಿ ಮಾಡಿಸಿದ ಆರೋಗ್ಯ ಪಾಲಿಸಿಯಲ್ಲಿ ಇದ್ದೇವೆ. ನಾವು ಮೂವರು ಹೊರಟ ಮೇಲೆ ಸುಮ್ನೆ ಪ್ರೀಮಿಯಂ ಯಾಕೆ ಕಟ್ಟಬೇಕು, ತೆಗೆಸಿಬಿಡು ಎನ್ನುತ್ತಾನೆ ಭಾವಮೈದ. ಒಂದು ಕೋಟಿಯ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಜೀವ ವಿಮೆ) ಇದೆ, ಅದರ ಬಗ್ಗೆ ಪರಿಚಯದ ಏಜೆಂಟೊಬ್ಬರು "ಫಾರಿನ್‌ನಲ್ಲಿ ಸತ್ತರೆ ಬರಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು, ಅದೂ ನಮ್ಮಮ್ಮನ ಎದುರಿಗೆ.

ಅಲ್ಲಿ ಇದ್ದವರು, ಇನ್ಶೂರೆನ್ಸ್ ಒಳಗಿನವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಕೋಲಾರದ ಸಿಸ್ಟರ್

ಅಣ್ಣ, ನಾನು ಕೋಲಾರದವಳು, ನರ್ಸ್. 2019ರಿಂದ ಗ್ರ್ಯಾಂಡ್ ಕೇಮನ್‌ನಲ್ಲೇ ಇದ್ದೇನೆ. ಮೊದಲು ನಿಮ್ಮಮ್ಮನಿಗೆ ಹೇಳಿ, ಇಲ್ಲಿ ಕನ್ನಡದವರು ಇದ್ದಾರೆ. ದೇವಿ ಶೆಟ್ಟಿಯವರ ನಾರಾಯಣ ಸಂಸ್ಥೆ 2014ರಲ್ಲಿ ಇಲ್ಲೊಂದು ಆಸ್ಪತ್ರೆ ತೆರೆದಿದೆ. ಗಾಡಿ ಓಡಿಸುವುದೂ ನಮ್ಮ ಹಾಗೆ ರಸ್ತೆಯ ಎಡಕ್ಕೇ.

ಮೆಡಿಕಲ್ ವಿಷಯ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಇಲ್ಲಿ ಕೆಲಸಕ್ಕೆ ಇಟ್ಟುಕೊಂಡವರು ಆರೋಗ್ಯ ವಿಮೆ ಮಾಡಿಸಲೇಬೇಕು, ಅದು ಕಾನೂನು. ನಿಮ್ಮ ಪ್ರೀಮಿಯಂನಲ್ಲಿ ಅರ್ಧದವರೆಗೆ ಸಂಬಳದಲ್ಲಿ ಹಿಡಿಯಬಹುದು. ಆದರೆ ಹೆಂಡತಿ ಮಗುವಿನ ಪ್ರೀಮಿಯಂ ಪೂರ್ತಿ ನಿಮ್ಮ ಸಂಬಳದಲ್ಲೇ ಹಿಡಿಯಬಹುದು, ಇಲ್ಲೇ ಜನ ಎಡವುವುದು. ಆಫರ್ ನೋಡಿ ಖುಷಿಯಾಗಿ ಬಂದು ಮೊದಲ ಸಂಬಳದ ಸ್ಲಿಪ್ ನೋಡಿ ಬೆಚ್ಚಿಬಿದ್ದವರನ್ನು ನೋಡಿದ್ದೇನೆ. ಹಾಗಾಗಿ ಎಚ್‌ಆರ್‌ಗೆ ಎರಡೇ ಪ್ರಶ್ನೆ ಬರೆದು ಕಳಿಸಿ: ಮನೆಯವರದು ಯಾರು ಕಟ್ಟುತ್ತಾರೆ, ಪ್ಲಾನು ಕಾನೂನು ಹೇಳುವ ಕನಿಷ್ಠದ್ದಾ ಅಥವಾ ಅದಕ್ಕಿಂತ ದೊಡ್ಡದಾ. ಕನಿಷ್ಠದ್ದಾದರೆ ಏರ್ ಆಂಬುಲೆನ್ಸ್ ಎಷ್ಟಕ್ಕೆ ಇದೆ ಅಂತಲೂ ಕೇಳಿ. ಇಲ್ಲಿ ಆಗದ ಕೇಸನ್ನು ಮಯಾಮಿಗೆ ಕಳಿಸುತ್ತಾರೆ, ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ, ಬಿಲ್ಲು ಹತ್ತಾರು ಸಾವಿರ ಅಮೆರಿಕನ್ ಡಾಲರ್.

ಇನ್ನು ಗಾಳಿಯ ವಿಷಯ. ಜೂನ್ 1ರಿಂದ ನವೆಂಬರ್ 30ರವರೆಗೆ ಇಲ್ಲಿ ಚಂಡಮಾರುತದ ಸೀಸನ್. ಅದರಲ್ಲೂ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಜೋರು. ನೀವು ಬಂದಿಳಿಯುವುದು ಸರಿಯಾಗಿ ಆಗಲೇ.

2021ರ ಆಗಸ್ಟ್ 18ರಂದು ಗ್ರೇಸ್ ಎಂಬ ಗಾಳಿ ಬಂದಾಗ ನಾನು ಡ್ಯೂಟಿ ಮುಗಿಸಿ ಮನೆಯಲ್ಲಿದ್ದೆ. ಗ್ರೇಸ್ ನಮ್ಮ ಮೇಲೆ ಬಂದಾಗ ಹರಿಕೇನ್ (ಚಂಡಮಾರುತ) ಕೂಡ ಆಗಿರಲಿಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿರುಗಾಳಿ. ಆದರೂ ಮಳೆ ಮೇಲಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಬರುತ್ತಿತ್ತು. ಕಿಟಕಿ ಮುಚ್ಚಿದೆ, ಚಿಲಕ ಹಾಕಿದೆ, ಗಾಜು ಒಡೆದಿಲ್ಲ. ಆದರೆ ಚೌಕಟ್ಟಿನ ಕೆಳಗಿನ ಸಂದಿಯಲ್ಲಿ ನೀರು ಗುಳುಗುಳು ಅಂತ ಒಳಗೆ ಬರುತ್ತಿದೆ. ಯಾರೋ ಹೊರಗಿನಿಂದ ಪಿಚಕಾರಿ ಹಿಡಿದ ಹಾಗೆ. ಟವೆಲ್ ಇಟ್ಟೆ, ಹಿಂಡಿದೆ, ಮತ್ತೆ ಇಟ್ಟೆ. ಟವೆಲ್ ಮುಗಿದ ಮೇಲೆ ಊರಿಂದ ತಂದಿದ್ದ ಜಮಖಾನವನ್ನೂ ಇಟ್ಟೆ. ಬೆಳಿಗ್ಗೆ ಹಾಸಿಗೆ ಅರ್ಧ ನೆಂದಿತ್ತು, ಟಿವಿ ಸತ್ತಿತ್ತು. ಹೊರಗೆ ನೋಡಿದರೆ ಮರದಲ್ಲಿ ಎಲೆಯೇ ಇಲ್ಲ, ಉಳಿದ ಚೂರುಗಳೆಲ್ಲ ಉಪ್ಪು ಗಾಳಿಗೆ ಸುಟ್ಟ ಹಾಗೆ ಕಂದಾಗಿದ್ದವು. ಮೂರು ದಿನ ಕರೆಂಟ್ ಇರಲಿಲ್ಲ. ಕ್ಯಾಂಪಿಂಗ್ ಒಲೆಯ ಮೇಲೆ ರಾಗಿ ಮುದ್ದೆ ಮಾಡಿ ಪಕ್ಕದ ಮನೆಯ ಫಿಲಿಪೀನ್ಸ್ ಹುಡುಗಿಗೂ ಕೊಟ್ಟೆ. ಅವಳು ಅಗಿದು ತಿಂದಳು ಪಾಪ.

ನನಗೆ 25,000 ಡಾಲರ್‌ನ ಸಾಮಾನಿನ ಪಾಲಿಸಿ ಇತ್ತು. ಹಾಸಿಗೆ, ಟಿವಿ, ಇನ್ನೊಂದಷ್ಟು ಸೇರಿ 1,400 ಡಾಲರ್ ಕ್ಲೇಮು ಹಾಕಿದೆ. ಒಂದು ಡಾಲರೂ ಬರಲಿಲ್ಲ. ಯಾಕೆ ಗೊತ್ತಾ? ಮಳೆ ನೀರು ಒಳಗೆ ಬಂದು ಹಾಳಾದರೆ ದುಡ್ಡು ಸಿಗಬೇಕಾದರೆ, ಮೊದಲು ಗಾಳಿ ಮನೆಗೆ ಒಂದು ತೂತು ಮಾಡಿರಬೇಕಂತೆ. ಸೂರು ಹಾರಿರಬೇಕು, ಇಲ್ಲ ಗಾಜು ಒಡೆದಿರಬೇಕು. ನನ್ನ ಕಿಟಕಿ ಗಟ್ಟಿಯಾಗಿತ್ತು ನೋಡಿ, ಅದೇ ತಪ್ಪಾಯಿತು. ನನ್ನ ಜೊತೆ ಕೆಲಸ ಮಾಡುವವರ ಮನೆಯ ಮೇಲ್ಛಾವಣಿಯ ಹಾಸು ಒಂದು ಮೂಲೆಯಲ್ಲಿ ಕಿತ್ತು ಹೋಗಿತ್ತು, ಅದೇ ಕಂಪನಿ ಅವರಿಗೆ ಡಿಡಕ್ಟಿಬಲ್ ಕಳೆದು ದುಡ್ಡು ಕೊಟ್ಟಿತು. ಪಾಲಿಸಿಯ ಆ ಸಾಲು ಹದಿನಾಲ್ಕನೇ ಪುಟದಲ್ಲಿತ್ತು. ನಾನು ಓದಿದ್ದು ಎರಡು ಪುಟ.

ಹಾಗಾಗಿ ಬ್ರೋಕರ್‌ಗೆ "ಚಂಡಮಾರುತಕ್ಕೆ ಕವರ್ ಇದೆಯಾ" ಅಂತ ಕೇಳಬೇಡಿ, ಇದೆ ಎಂದೇ ಹೇಳುತ್ತಾನೆ. ಯಾವ ನೀರಿಗೆ ಇದೆ ಅಂತ ಕೇಳಿ. ಮೇಲಿಂದ ಬಂದ ನೀರು, ಸಂದಿಯಿಂದ ಬಂದ ನೀರು, ಸಮುದ್ರ ಉಕ್ಕಿ ಬಾಗಿಲಿನಿಂದ ಬಂದ ನೀರು, ಮೂರೂ ಬೇರೆ ಬೇರೆ. ಉತ್ತರ ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ತಿಪಟೂರು ತೆಂಗು

ಏನ್ರಪ್ಪಾ ಇದು, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಬಾಡಿಗೆ ಮನೆ, ಎರಡು ಸೂಟ್‌ಕೇಸ್ ತಗೊಂಡು ಹೋಗುತ್ತೀರಿ. ಹಾಸಿಗೆ ಒದ್ದೆ ಆದರೆ ಬಿಸಿಲಿಗೆ ಹಾಕಿ. ಏನಾದರೂ ದೊಡ್ಡದು ಆದರೆ ಅಲ್ಲಿಯ ಸರ್ಕಾರ ಪರಿಹಾರ ಕೊಡಲ್ವಾ?

ಚಿಂತಾಮಣಿ ಸರ್ವೇಯರ್

ತಿಪಟೂರಿನವರೇ, ನಿಮ್ಮೂರಿನ ಕೊಬ್ಬರಿಯಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇಪ್ಪತ್ತೆರಡು ವರ್ಷ ಕ್ಲೇಮು ಸರ್ವೇ, ಅಂದರೆ ವಿಮಾ ಕಂಪನಿಗಳಿಗೆ ನಷ್ಟದ ಅಂದಾಜು, ಮಾಡಿ ನಿಲ್ಲಿಸಿದವನು. ಕೇಮನ್ ನೋಡಿಲ್ಲ, ಆದರೆ ಅಗ್ನಿ ವಿಮೆ, ಗಾಳಿ ವಿಮೆಗಳ ವ್ಯಾಕರಣ ಎಲ್ಲ ಕಡೆ ಒಂದೇ, ಬ್ರಿಟಿಷರು ಬರೆದದ್ದು.

ಒಂದು ಗೋಡೌನ್‌ನಲ್ಲಿ 10 ಲಕ್ಷದ ಕೊಬ್ಬರಿ. ಪ್ರೀಮಿಯಂ ಉಳಿಸೋಣ ಅಂತ 5 ಲಕ್ಷಕ್ಕೆ ಮಾತ್ರ ವಿಮೆ. ಬೆಂಕಿ ಬಿದ್ದು 2 ಲಕ್ಷದ್ದು ಸುಟ್ಟಿತು. ಮಾಲೀಕರ ಲೆಕ್ಕ: ನನ್ನ ಹತ್ತಿರ 5 ಲಕ್ಷದ ಪಾಲಿಸಿ ಇದೆ, ಹೋದದ್ದು 2 ಲಕ್ಷ, ಪೂರ್ತಿ ಬರಬೇಕು. ಕಂಪನಿ ಲೆಕ್ಕ: ನೀನು ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದೀಯ, ಉಳಿದರ್ಧಕ್ಕೆ ನೀನೇ ವಿಮಾ ಕಂಪನಿ, ಆದ್ದರಿಂದ ನಷ್ಟದಲ್ಲೂ ಅರ್ಧ ನಿನ್ನದು. 1 ಲಕ್ಷ ತಗೋ. ಇದನ್ನು ಆವರೇಜ್ ಎನ್ನುತ್ತಾರೆ. ಈ ಮಾತು ಹೇಳಿ ಎಷ್ಟು ಜನರ ಕೈಲಿ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ. ಇಲ್ಲಿ 2021ರ ಏಪ್ರಿಲ್‌ನಿಂದ ಬಂದ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಗಳಿಗೆ ಈ ಕತ್ತರಿ ತೆಗೆದಿದ್ದಾರೆ. ಹೊರದೇಶದ ಪಾಲಿಸಿಯಲ್ಲಿ ಇರುತ್ತದೆ ಎಂದೇ ಅಂದುಕೊಂಡು ಓದಿ.

ಈಗ ಲೆಕ್ಕಿಗರ ಪ್ರಶ್ನೆ. ಆ ಶೇ. 2 ಸಾಮಾನ್ಯವಾಗಿ ನಷ್ಟದ ಮೇಲೆ ಅಲ್ಲ, ವಿಮೆ ಮಾಡಿಸಿದ ಒಟ್ಟು ಮೊತ್ತದ ಮೇಲೆ. ನಿಮ್ಮ 30,000ಕ್ಕೆ 600 ಡಾಲರ್. ಅಂದರೆ 600ರ ಒಳಗಿನ ನಷ್ಟಕ್ಕೆ ಏನೂ ಇಲ್ಲ, ಮೇಲಿನದಕ್ಕೆ 600 ಕಳೆದು. ಇದು ಸಾಮಾನಿಗೆ ಸಣ್ಣದು. ಮುಂದೆ ಯಾರಾದರೂ ಅಲ್ಲಿ 4 ಲಕ್ಷ ಡಾಲರ್‌ನ ಫ್ಲ್ಯಾಟ್ ಕೊಂಡರೆ ಅದೇ ಶೇ. 2 ಅಂದರೆ 8,000 ಡಾಲರ್, ಆಗ ನೋವು ಗೊತ್ತಾಗುತ್ತದೆ. ಎರಡೂ ಸೇರಿಸಿ ನೋಡಿ: ಸಾಮಾನು ನಿಜಕ್ಕೂ 30,000ದ್ದು, ನೀವು ಬರೆಸಿದ್ದು 15,000, ಹಾಳಾಗಿದ್ದು 8,000. ಮೊದಲು ಅರ್ಧ ಮಾಡಿ 4,000, ಅದರಲ್ಲಿ 15,000ದ ಶೇ. 2 ಅಂದರೆ 300 ಕಳೆಯಿರಿ, ಕೈಗೆ ಬರುವುದು 3,700.

ಮನೆ ಏಜೆಂಟು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಕಟ್ಟಡದ ಪಾಲಿಸಿ ಮಾಲೀಕನ ಗೋಡೆ ಸೂರಿಗೆ. ನಿಮ್ಮ ಫ್ರಿಜ್ಜಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಕೇಳಿಕೊಳ್ಳಿ: ಮನೆ ವಾಸಕ್ಕೆ ಯೋಗ್ಯವಿಲ್ಲದ ಹಾಗಾದರೆ ಬೇರೆ ಕಡೆ ಇರುವ ಬಾಡಿಗೆಯನ್ನು ನಿಮ್ಮ ಪಾಲಿಸಿ ಕೊಡುತ್ತದೆಯಾ, ಎಷ್ಟು ತಿಂಗಳು. ಚಂಡಮಾರುತ ಆದ ಮೇಲೆ ದ್ವೀಪದಲ್ಲಿ ನಿಂತಿರುವ ಮನೆಗಳೇ ಕಡಿಮೆ, ಬಾಡಿಗೆ ಗಗನಕ್ಕೆ ಹೋಗುತ್ತದೆ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ಬಂದಾಗ ಗ್ರ್ಯಾಂಡ್ ಕೇಮನ್‌ನ ಬಹುಭಾಗಕ್ಕೆ ಸಮುದ್ರ ನುಗ್ಗಿತ್ತು. ಅದು ಚಪ್ಪಟೆ ದ್ವೀಪ ಸ್ವಾಮಿ, ಓಡಿಹೋಗಿ ಹತ್ತಲು ದೇವರಾಯನದುರ್ಗ ಇಲ್ಲ, ನಂದಿಬೆಟ್ಟವೂ ಇಲ್ಲ.

ಕಾರು ತಗೊಂಡರೆ ಥರ್ಡ್ ಪಾರ್ಟಿಗೆ ನಿಲ್ಲಬೇಡಿ. ಅದು ನೀವು ಗುದ್ದಿದವರಿಗೆ, ನಿಮ್ಮ ಕಾರಿಗಲ್ಲ. ಫುಲ್ ಪಾಲಿಸಿಯಲ್ಲೂ ಚಂಡಮಾರುತ, ಪ್ರವಾಹ ಸೇರಿದೆಯಾ ಅಂತ ಬರಹದಲ್ಲಿ ನೋಡಿ. ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. 2022ರ ಮಳೆಗೆ ನಮ್ಮ ಕಡೆ ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು. ಸೊಂಟದ ಮಟ್ಟ ಅಲ್ಲ, ಮೊಣಕಾಲಿನ ಕೆಳಗೇ. ಕಾರು ನಿಂತಿತು. ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನಾನು ಕೀಲಿ ತಿರುಗಿಸಿದೆ. ಒಂದು ಸಲ ಟಕ್ ಅಂತು. ಅಷ್ಟೇ. ಎಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗಿತ್ತು. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ತಗೊಂಡಿರಲಿಲ್ಲ, ಸೀಟು ಕಾರ್ಪೆಟ್ಟಿಗೆ ಬಂತು, ಎಂಜಿನ್ನಿಗೆ ಬರಲಿಲ್ಲ. ಅದು ಕೆರೆ ನೀರು, ಸಿಹಿ ನೀರು. ನಿಮ್ಮಲ್ಲಿ ಉಪ್ಪು ನೀರು, ವೈರಿಂಗೆಲ್ಲ ಹೋಗುತ್ತದೆ. ಗಾಳಿ ಬರುವ ಮುಂಚೆ ಎತ್ತರದಲ್ಲಿ ನಿಲ್ಲಿಸಿ, ಮುಳುಗಿದರೆ ಸರ್ವೇಯರ್ ಬರುವವರೆಗೂ ಕೀಲಿ ಮುಟ್ಟಬೇಡಿ.

ಸರ್ಕಾರದ ಪರಿಹಾರ ಅಂತ ಕೇಳಿದಿರಲ್ಲ. ಕೆರಿಬಿಯನ್‌ನ ಹಲವು ದೇಶಗಳು ಸೇರಿ 2007ರಲ್ಲಿ ಸಿಸಿಆರ್‌ಐಎಫ್ ಎಂಬ ವಿಮಾ ನಿಧಿ ಮಾಡಿಕೊಂಡಿವೆ. ಅದು ನಮ್ಮ ಶ್ರೀನಿವಾಸಪುರದ ಮಾವಿನ ಹವಾಮಾನ ಆಧಾರಿತ ವಿಮೆಯ ಅಣ್ಣ ಇದ್ದ ಹಾಗೆ. ತೋಟಕ್ಕೆ ಯಾರೂ ಬಂದು ಮರ ಎಣಿಸುವುದಿಲ್ಲ, ಮಳೆಮಾಪಕ ಏನು ಹೇಳಿತೋ ಅದರ ಮೇಲೆ ದುಡ್ಡು. ಅಲ್ಲೂ ಗಾಳಿಯ ವೇಗ, ಮಳೆಯ ಪ್ರಮಾಣದ ಲೆಕ್ಕದಲ್ಲಿ ಕೆಲವೇ ದಿನಗಳಲ್ಲಿ ಹಣ ಬರುತ್ತದೆ. ಆದರೆ ಅದು ಸರ್ಕಾರದ ಖಜಾನೆಗೆ. ಬಾಡಿಗೆಗೆ ಬಂದ ನಮ್ಮ ಹುಡುಗನ ಟಿವಿಗೆ ಅಲ್ಲ.

ಗುಬ್ಬಿ ಲೆಕ್ಕಿಗ

ಸಿಸ್ಟರ್, ಸರ್, ಇಬ್ಬರಿಗೂ ಕೈ ಮುಗಿದೆ. ಕೊಬ್ಬರಿ ಲೆಕ್ಕ ನೋಡಿದ ಮೇಲೆ ಅಪ್ಪನಿಗೂ ಅರ್ಥವಾಯಿತು, ಅವರೇ ಈಗ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಒಂದು ಅನುಮಾನ. ನಾನು ಮೊದಲು ಒಬ್ಬನೇ ಹೋಗುವುದು, ಒಂದು ಚಾಪೆ, ಕುಕ್ಕರ್, ಲ್ಯಾಪ್‌ಟಾಪ್. ಮನೆಯವರು ಬಂದು ಸಾಮಾನು ತಗೊಂಡ ಮೇಲೆ ಅಕ್ಟೋಬರ್‌ನಲ್ಲಿ ಪಾಲಿಸಿ ಮಾಡಿಸಿದರೆ ಸಾಲದಾ? ಅಷ್ಟರಲ್ಲಿ ಏನಾದರೂ ಬರುವ ಹಾಗೆ ಕಂಡರೆ ತಕ್ಷಣ ಮಾಡಿಸಿಬಿಡುತ್ತೇನೆ. ಈಗೆಲ್ಲ ಐದಾರು ದಿನ ಮೊದಲೇ ಗೊತ್ತಾಗುತ್ತದಲ್ಲ.

ಕೋಲಾರದ ಸಿಸ್ಟರ್

ಅಣ್ಣ, ನಿಮಗೆ ಗೊತ್ತಾದ ದಿನವೇ ಕಂಪನಿಗೂ ಗೊತ್ತಾಗುತ್ತದೆ. ಗಾಳಿ ಇಂತಿಷ್ಟು ಹತ್ತಿರ ಬಂತು, ಎಚ್ಚರಿಕೆ ಹೊರಟಿತು ಅಂದರೆ ಹೊಸ ಪಾಲಿಸಿ ನಿಲ್ಲಿಸುತ್ತಾರೆ. ಹಳೆಯದರಲ್ಲಿ ಮೊತ್ತ ಜಾಸ್ತಿ ಮಾಡಿಸುವುದನ್ನೂ ಬಿಡುವುದಿಲ್ಲ. 2024ರ ಜುಲೈ ಮೊದಲ ವಾರ ಬೆರಿಲ್ ಚಂಡಮಾರುತ ಜಮೈಕಾ ದಾಟಿ ನಮ್ಮ ಕಡೆ ತಿರುಗಿದಾಗ ಹೊಸದಾಗಿ ಬಂದಿದ್ದ ಒಬ್ಬ ಹುಡುಗಿ ಬ್ರೋಕರ್ ಆಫೀಸಿಗೆ ಫೋನ್ ಮಾಡಿದಳು. "ಗಾಳಿ ಹೋದ ಮೇಲೆ ಮಾಡಿ" ಎಂದರು. ಪುಣ್ಯಕ್ಕೆ ಬೆರಿಲ್ ದಕ್ಷಿಣಕ್ಕೆ ಸರಿದು ಹೋಯಿತು. ಟ್ರಾವೆಲ್ ಇನ್ಶೂರೆನ್ಸ್ ಕೂಡ ಹಾಗೇ, ಗಾಳಿಗೆ ಹೆಸರಿಟ್ಟ ಮೇಲೆ ಕೊಂಡರೆ ಆ ಗಾಳಿಯಿಂದ ಟಿಕೆಟ್ ರದ್ದಾದದ್ದಕ್ಕೆ ಬರುವುದಿಲ್ಲ. ಟಿಕೆಟ್ ಬುಕ್ ಮಾಡಿದ ದಿನವೇ ತಗೊಳ್ಳಿ.

ಮನೆ ಕೀಲಿ ಕೈಗೆ ಬಂದ ದಿನ ಸಣ್ಣ ಮೊತ್ತಕ್ಕೆ ಶುರು ಮಾಡಿ, ಮನೆಯವರು ಬಂದ ಮೇಲೆ ಆಕಾಶ ತಿಳಿಯಾಗಿದ್ದಾಗ ಜಾಸ್ತಿ ಮಾಡಿಸಿ. ಸರ್ವೇಯರ್ ಸರ್ ಬೈಯದ ಹಾಗೆ ಪೂರ್ತಿ ಬೆಲೆಗೆ.

ವಾಪಸ್ ಬಂದ ಶಿರಾದವನು

ಅಲ್ಲಿಯದನ್ನು ಬಲ್ಲವರು ಹೇಳಿದರು, ಇಲ್ಲಿಯದನ್ನು ನಾನು ಹೇಳುತ್ತೇನೆ. ಗಲ್ಫ್‌ನಲ್ಲಿ ಹನ್ನೊಂದು ವರ್ಷ ಇದ್ದು ಬಂದವನು, ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದ್ದೇನೆ.

ಭಾವಮೈದನ ಮಾತು ಕೇಳಬೇಡಿ. ನಾನೂ ಹೀಗೇ ಹೋಗುವಾಗ ಆರೋಗ್ಯ ಪಾಲಿಸಿ ನಿಲ್ಲಿಸಿದೆ. ವಾಪಸ್ ಬರುವಾಗ ಬಿಪಿ, ಶುಗರ್ ಎರಡೂ ಜೊತೆಗೆ ಬಂದವು. ಹೊಸ ಪಾಲಿಸಿಗೆ ಹೋದರೆ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಿರಿ ಎಂದರು, ಪ್ರೀಮಿಯಂ ಮೇಲೆ ಇನ್ನಷ್ಟು ಏರಿಸಿದರು. 2024ರಿಂದ ಈ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಮಾಡಿದೆ, ಮೊದಲು 4 ಇತ್ತು. ಮೂರಾದರೂ ಮೂರೇ ಅಲ್ವಾ. ಅಪ್ಪ ಅಮ್ಮನದನ್ನಂತೂ ಮುಟ್ಟಲೇಬೇಡಿ, ಅವರು ಇಷ್ಟು ವರ್ಷ ಕಾದು ಮುಗಿಸಿರುವ ದಿನಗಳು ನೀರಿಗೆ ಹೋಗುತ್ತವೆ. ಅವರಿಬ್ಬರನ್ನು ಬೇರೆ ಪಾಲಿಸಿ ಮಾಡಿಸುವುದಾದರೆ ಕಾದ ಅವಧಿ ಜೊತೆಗೆ ಬರುವ ಹಾಗೆ ಬರೆಸಿಕೊಂಡು ಮಾಡಿಸಿ. ನಿಮ್ಮ ಮೂವರದನ್ನು ಸಣ್ಣ ಮೊತ್ತಕ್ಕಾದರೂ ಇಟ್ಟುಕೊಳ್ಳಿ. ಇಂಥ ಪಾಲಿಸಿ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ, ರಜೆಗೆ ಬಂದಾಗಲೇ ಏನಾದರೂ ಆಗುವುದು ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತದ ಆರೋಗ್ಯ, ಜೀವ ವಿಮೆ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ, ಅಷ್ಟು ಉಳಿಯಿತು ಅಂದುಕೊಳ್ಳಿ.

ಟರ್ಮ್ ಪಾಲಿಸಿ ಬಗ್ಗೆ ಆ ಏಜೆಂಟ್ ಹೇಳಿದ್ದು ತಪ್ಪು. ಸಾಮಾನ್ಯವಾಗಿ ಸಾವು ಎಲ್ಲಿ ಆದರೂ ಟರ್ಮ್ ಪಾಲಿಸಿ ಕೊಡುತ್ತದೆ. ಆದರೆ ದೇಶ ಬದಲಾಯಿಸುತ್ತಿದ್ದೇನೆ, ವಿಳಾಸ ಇದು, ಕೆಲಸ ಇದು ಎಂದು ಕಂಪನಿಗೆ ಬರೆದು, ಅವರು ತಲುಪಿದೆ ಎಂದ ಉತ್ತರವನ್ನು ಪಾಲಿಸಿ ಜೊತೆ ಇಡಿ. ಮುಂದೆ ಕ್ಲೇಮು ಬಂದ ದಿನ "ನಮಗೆ ತಿಳಿಸಿರಲಿಲ್ಲ" ಎಂಬ ಮಾತು ಬರಬಾರದು. ಆ ದಿನ ಓಡಾಡುವವರು ನಿಮ್ಮ ಹೆಂಡತಿ. ಕಾಗದ ಎಲ್ಲಿದೆ ಅಂತ ಅವರಿಗೆ ಗೊತ್ತಾ? ನಿಮ್ಮ ಉಳಿತಾಯ ಖಾತೆ ಎನ್‌ಆರ್‌ಒ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಆಗಬೇಕು, ಪ್ರೀಮಿಯಂ ಆಟೋ ಡೆಬಿಟ್ ಹಳೆ ಖಾತೆಗೆ ಕಟ್ಟಿದ್ದರೆ ಆ ಬದಲಾವಣೆಯ ತಿಂಗಳು ಕಂತು ತಪ್ಪುತ್ತದೆ. ನನಗೆ ತಪ್ಪಿತ್ತು.

ಗಲ್ಫ್ ಕಡೆ ಹೋಗುವ ಇಸಿಆರ್ (ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ, 10 ಲಕ್ಷದ್ದು. ಯಾರಾದರೂ ಅದನ್ನು ನಿಮಗೆ ತೋರಿಸಿದರೆ ಸುಮ್ನೆ ತಲೆ ಆಡಿಸಿ, ಅದು 18 ದೇಶಗಳ ಪಟ್ಟಿಗೆ, ಕೇಮನ್ ಅದರಲ್ಲಿಲ್ಲ.

ಚಿನ್ನ ತಗೊಂಡು ಹೋಗಬೇಡಿ. ಇಲ್ಲೇ ಲಾಕರ್‌ನಲ್ಲಿಡಿ. ಲಾಕರ್ ಅಂದರೆ ಪೂರ್ತಿ ಭದ್ರ ಅಂತಲೂ ಅಲ್ಲ. ಬೆಂಕಿ, ಕಳ್ಳತನ, ಬ್ಯಾಂಕಿನವರದೇ ಮೋಸ, ಇವುಗಳಿಗೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು ಮಾತ್ರ, ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. 2022ರಿಂದ ಇದೇ ನಿಯಮ. ಆದರೂ ಗುಬ್ಬಿಗೆ ಸಮುದ್ರ ಬರುವುದಿಲ್ಲ ಬಿಡಿ.

ಕೋಲಾರದ ಸಿಸ್ಟರ್

ಒಂದು ಮರೆತಿದ್ದೆ, ಅದೇ ದೊಡ್ಡದು. ಇಲ್ಲಿ ನಿಮ್ಮ ವರ್ಕ್ ಪರ್ಮಿಟ್ ಕೆಲಸ ಕೊಟ್ಟವರ ಹೆಸರಿಗೆ ಗಂಟು ಹಾಕಿರುತ್ತದೆ. ಗಾಳಿಗೆ ಅವರ ಆಫೀಸು ಮುಚ್ಚಿದರೆ ಕೆಲಸವೂ ಹೋಯಿತು, ಪರ್ಮಿಟ್ಟೂ ಹೋಯಿತು, ಪರ್ಮಿಟ್ ಹೋದ ಮೇಲೆ ಇಲ್ಲಿ ಇರುವ ಹಾಗಿಲ್ಲ. ಆಫೀಸಿನ ಮೆಡಿಕಲ್ಲೂ ಅದರ ಹಿಂದೆಯೇ ಹೋಗುತ್ತದೆ. ಇದಕ್ಕೆ ಯಾವ ಕಂಪನಿಯೂ ಪಾಲಿಸಿ ಮಾಡುವುದನ್ನು ನಾನು ನೋಡಿಲ್ಲ. ನಾವೇ ಮಾಡಿಕೊಳ್ಳಬೇಕು. ಮೂವರ ಒಂದು ಕಡೆಯ ಟಿಕೆಟ್, ಆರು ತಿಂಗಳ ಖರ್ಚು, ಇಷ್ಟನ್ನು ಊರಿನ ಖಾತೆಯಲ್ಲಿ ಇಟ್ಟು ಮರೆತುಬಿಡಿ. ಕೇಮನ್ ಡಾಲರ್ 1ಕ್ಕೆ ಅಮೆರಿಕದ್ದು 1.20, ಅಂದರೆ ನಮ್ಮ ನೂರು ರೂಪಾಯಿಯ ಮೇಲೆ. ಆದಾಯ ತೆರಿಗೆಯೂ ಇಲ್ಲ. ಮೊದಲ ವರ್ಷ ಮನಸ್ಸು ಮಾಡಿದರೆ ಆಗುತ್ತದೆ.

ಎಚ್‌ಆರ್‌ಗೆ ಇದನ್ನೂ ಕೇಳಿ: ಗಾಳಿ ಬರುವ ಮುಂಚೆ ಮನೆಯವರನ್ನು ಕಳಿಸಬೇಕಾದರೆ ಟಿಕೆಟ್ ಯಾರದು, ಆಫೀಸು ಮುಚ್ಚಿದ ದಿನಗಳ ಸಂಬಳ ಬರುತ್ತದೆಯಾ. ನಾವು ನರ್ಸ್‌ಗಳು ಡ್ಯೂಟಿಯಲ್ಲಿದ್ದಾಗ ಗಾಳಿ ಬಂದರೆ ಆಸ್ಪತ್ರೆಯಲ್ಲೇ ಉಳಿಯಬೇಕು, ನೀವು ಆಡಿಟ್‌ನವರು, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡಬಹುದು, ಪುಣ್ಯವಂತರು.

ಮನೆಗೆ ಹೋದ ದಿನ ಫೋನ್ ಹಿಡಿದು ಪ್ರತಿ ಕೋಣೆ, ಪ್ರತಿ ಕಪಾಟು ಬಾಗಿಲು ತೆಗೆದು ವಿಡಿಯೋ ಮಾಡಿ, ಹೆಂಡತಿಗೆ ಕಳಿಸಿ. ನಾನು ಈಗ ಪ್ರತಿ ವರ್ಷ ಮೇ 31ರ ರಾತ್ರಿ ಮಾಡುತ್ತೇನೆ. ಸರ್ಟಿಫಿಕೇಟಿನ ಒರಿಜಿನಲ್ ಇಲ್ಲಿ ಬೇಕಾದಷ್ಟು ಮಾತ್ರ ತನ್ನಿ. ಕೈಯಲ್ಲಿ ಒಂದಷ್ಟು ನಗದು ಇರಲಿ, ಕರೆಂಟ್ ಹೋದರೆ ಎಟಿಎಂ, ಕಾರ್ಡ್ ಎರಡೂ ಇಲ್ಲ.

ತಿಪಟೂರು ತೆಂಗು

ಸರಿಯಪ್ಪ, ಸೋತೆ. ಅಂದ ಹಾಗೆ ಸರ್ವೇಯರ್ ಸಾಹೇಬರೇ, ನಮ್ಮ ಗೋಡೌನ್ ಪಾಲಿಸಿ ತೆಗೆದು ನೋಡಿದೆ. 6 ಲಕ್ಷಕ್ಕೆ ಬರೆಸಿದ್ದೇವೆ. ಒಳಗಿರುವುದು ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ನಿಮ್ಮ ನಂಬರ್ ಮೆಸೇಜ್ ಮಾಡಿ.

ಗುಬ್ಬಿ ಲೆಕ್ಕಿಗ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಎಚ್‌ಆರ್ ಉತ್ತರ ಬಂತು. ಹೆಂಡತಿ ಮಗಳ ಪ್ರೀಮಿಯಂ ನನ್ನದೇ, ಸಿಸ್ಟರ್ ಹೇಳಿದ ಹಾಗೇ. ಮೊದಲೇ ಗೊತ್ತಾಗಿದ್ದರಿಂದ ಸಂಬಳ ಸ್ವಲ್ಪ ಏರಿಸಿ ಅಂತ ಕೇಳಿದೆ, ಅರ್ಧ ಒಪ್ಪಿದರು. ಟಿಕೆಟ್ ಬಗ್ಗೆ "ಪರಿಸ್ಥಿತಿ ನೋಡಿ" ಎಂದಿದ್ದಾರೆ, ಅಂದರೆ ಇಲ್ಲ.

ಬ್ರೋಕರ್‌ಗೆ ಮೂರು ನೀರಿನ ಪ್ರಶ್ನೆ ಕಳಿಸಿದೆ. ಸಮುದ್ರ ಉಕ್ಕಿದ್ದಕ್ಕೆ ಇದೆ, ಸೂರು ಹೋದರೆ ಇದೆ, ಸಂದಿಯ ನೀರಿಗೆ ಇಲ್ಲ. ಭೂಕಂಪಕ್ಕೂ ಇದೆ ಅಂತ ಸೇರಿಸಿದ್ದಾನೆ, 2020ರ ಜನವರಿಯಲ್ಲಿ ಆ ಕಡೆ ಸಮುದ್ರದಲ್ಲಿ 7.7ರದ್ದು ಆಗಿತ್ತಂತೆ. ಈ ಭಾಗವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಮನೆ ಏಜೆಂಟಿಗೆ ಮೊದಲ ಮಹಡಿಯ ಮನೆ ಹುಡುಕು ಎಂದಿದ್ದೇನೆ, ನೆಲಮಹಡಿ ಬೇಡ. ಫ್ಲೋಟರ್ ಬಿಡಿಸುತ್ತಿದ್ದೇವೆ, ಅಪ್ಪ ಅಮ್ಮನದು ಬೇರೆ, ಕಾದ ವರ್ಷಗಳು ಹಾಗೇ ಉಳಿಯುತ್ತವೆ ಎಂದು ಬರಹದಲ್ಲಿ ಬಂದಿದೆ. ಟರ್ಮ್ ಕಂಪನಿಗೂ ಬರೆದಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ಅಮ್ಮ ಈಗ ಇನ್ಶೂರೆನ್ಸ್ ಬಿಟ್ಟು ಹುರಿಹಿಟ್ಟಿಗೆ ಬಂದಿದ್ದಾರೆ. ಕರೆಂಟ್ ಇಲ್ಲದಿದ್ದರೂ ಬಿಸಿನೀರಿಲ್ಲದೆ ಕಲಸಿಕೊಂಡು ತಿನ್ನಬಹುದಲ್ಲ ಅಂತ ಐದು ಕೆಜಿ ಮಾಡಿಸಿದ್ದಾರೆ. ಸಿಸ್ಟರ್, ಅಲ್ಲಿಯ ಕಸ್ಟಮ್ಸ್‌ನವರು ಹುರಿಹಿಟ್ಟು ಬಿಡುತ್ತಾರಾ?

ಕೋಲಾರದ ಸಿಸ್ಟರ್

ಪ್ಯಾಕೆಟ್ ಮಾಡಿ, ಮೇಲೆ ಇಂಗ್ಲಿಷ್‌ನಲ್ಲಿ ಏನು ಅಂತ ಬರೆದು, ಕೇಳಿದರೆ ಇದ್ದದ್ದನ್ನೇ ಹೇಳಿ. ನನ್ನದನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ತೆಗೆಸಿಲ್ಲ. ಅದರಲ್ಲಿ ಅರ್ಧ ಕೆಜಿ ನನ್ನ ಹೆಸರಿಗೆ.